ಬೆಟ್ಟದ ನೆತ್ತಿಯ ಕ್ರೈಸ್ತ ಮಠಗಳಲ್ಲಿ ನೀರಿಗೆ, ಊಟಕ್ಕೆ ಏನು ಮಾಡುತ್ತಿದ್ದರು?

ಜೋಗಿಮಟ್ಟಿ_ಗಾಳಿ (ಚಿತ್ರದುರ್ಗ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದುರ್ಗದಲ್ಲಿ ಹೈಸ್ಕೂಲಿನ ಸಮಾಜ ವಿಜ್ಞಾನದ ಟೀಚರ್. ಮೊನ್ನೆ ಕ್ರೈಸ್ತ ಧರ್ಮದ ಪಾಠ ಮಾಡುವಾಗ ಮಕ್ಕಳಿಗೆ ಗ್ರೀಸ್ ದೇಶದ ಮೆಟಿಯೋರಾ ಚಿತ್ರಗಳನ್ನು ತೋರಿಸಿದೆ. ಕಂಬದ ಹಾಗೆ ನೆಟ್ಟಗೆ ನಿಂತ ಬಂಡೆಗಳು, ಅವುಗಳ ನೆತ್ತಿಯ ಮೇಲೆ ಕೆಂಪು ಹೆಂಚಿನ ಮಠಗಳು. ನೋಡಿದ ಕೂಡಲೇ ಹಿಂದಿನ ಬೆಂಚಿನ ಹುಡುಗ ಕೇಳಿದ್ದು ಒಂದೇ ಮಾತು: "ಮಿಸ್, ಮೇಲೆ ಹೊಂಡ ಇದೆಯಾ?"

ಕೋಟೆ ಊರಿನ ಮಕ್ಕಳಿಗೆ ಈ ಪ್ರಶ್ನೆ ತಾನಾಗಿ ಬರುತ್ತದೆ. ಪ್ರತಿ ವರ್ಷ ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿ ಗೋಪಾಲಸ್ವಾಮಿ ಹೊಂಡ ತೋರಿಸುತ್ತೇನೆ. ಅದು ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ ಅಂತ ಹೇಳುತ್ತೇನೆ. ಎಣ್ಣೆಕೊಳ, ಮದ್ದು ಬೀಸುವ ಕಲ್ಲು ಎಲ್ಲ ನೋಡಿರುತ್ತಾರೆ. ಬೆಟ್ಟದ ಮೇಲೆ ಇರಬೇಕು ಅಂದರೆ ಮೊದಲು ನೀರು ಬೇಕು ಅಂತ ಅವರಿಗೆ ಗೊತ್ತು.

ನನಗೆ ತಿಳಿಯಬೇಕಾಗಿರುವುದು ಇಷ್ಟು. ಆ ಸನ್ಯಾಸಿಗಳು ಅಷ್ಟು ಎತ್ತರಕ್ಕೆ ಯಾಕೆ ಹೋದರು? ನೀರು, ಕಾಳು ಹೇಗೆ ಹೋಗುತ್ತಿತ್ತು? ಇಂಥ ಜಾಗ ಬೇರೆ ಎಲ್ಲೆಲ್ಲಿ ಇವೆ, ಅದರಲ್ಲಿ ಹಳೆಯದು ಯಾವುದು? ನಮ್ಮ ಕಡೆಗೆ ಏನಾದರೂ ನಂಟು ಇದೆಯಾ? ಅಂತರ್ಜಾಲದಲ್ಲಿ ಸಿಗುವುದೆಲ್ಲ ಬರೀ ಚಂದದ ಫೋಟೋ, ಹೋಟೆಲ್ ರೇಟು. ತಿಳಿದವರು ದಯವಿಟ್ಟು ಹೇಳಿ.

---

ತುಂಗಭದ್ರಾ_ದಡ (ಹರಿಹರ):

ಮೇಡಂ, ನಾನು ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಹೋಗುವವನು. ಮಕ್ಕಳಿಗೆ ಹೇಳುವ ಮೊದಲು ಒಂದು ವಿಷಯ ಬಿಡಿಸಿ ಹೇಳಿದರೆ ಒಳ್ಳೆಯದು. ನಮ್ಮದು ಕ್ಯಾಥೊಲಿಕ್, ಅಂದರೆ ರೋಮಿನ ಪೋಪರನ್ನು ಒಪ್ಪುವವರು. ನೀವು ತೋರಿಸಿದ ಮಠಗಳು ಆರ್ಥೊಡಾಕ್ಸ್ ಸಭೆಯವು.

ಮೊದಲ ದೊಡ್ಡ ಒಡಕು 451ರಲ್ಲಿ ಕಾಲ್ಸಿಡಾನ್ ಊರಿನಲ್ಲಿ ಬಿಷಪ್‌ಗಳು ಸೇರಿ ನಡೆಸಿದ ಸಮಾವೇಶದ ನಂತರ ಆಯಿತು. ಈಜಿಪ್ಟಿನ ಕೋಪ್ಟಿಕ್, ಸಿರಿಯನ್, ಅರ್ಮೇನಿಯನ್, ಇಥಿಯೋಪಿಯನ್ ಸಭೆಗಳು ಬೇರೆ ದಾರಿ ಹಿಡಿದವು. ಆಮೇಲೆ 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಬೇರೆಯಾದವು. ಗ್ರೀಕ್, ರಷ್ಯನ್, ಸರ್ಬಿಯನ್ ಸಭೆಗಳೆಲ್ಲ ಕಾನ್‌ಸ್ಟಾಂಟಿನೋಪಲ್ ಕಡೆಯವು. ಎರಡೂ ಗುಂಪಿಗೆ ಜನ ಆರ್ಥೊಡಾಕ್ಸ್ ಅಂತಲೇ ಹೇಳುತ್ತಾರೆ, ಆದರೆ ಅವು ಒಂದೇ ಸಭೆ ಅಲ್ಲ. ಬೆಟ್ಟದ ಮಠಗಳು ಎರಡರಲ್ಲೂ ಇವೆ. ಉಳಿದಿದ್ದನ್ನು ನೋಡಿ ಬಂದವರು ಹೇಳಲಿ.

---

ವಿದ್ಯಾನಗರ_ಮೇಷ್ಟ್ರು (ದಾವಣಗೆರೆ):

ಮೇಡಂ, ನಿಮ್ಮ ಹುಡುಗನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಸರಿಯಾದ ಕಡೆಯೇ ಕೈ ಇಟ್ಟಿದ್ದಾನೆ.

ನಾನು ಸಿವಿಲ್ ಇಂಜಿನಿಯರಿಂಗ್ ಪಾಠ ಮಾಡುತ್ತಿದ್ದವನು. ನಮ್ಮ ಕಡೆಯ ಎಷ್ಟೋ ಮೇಷ್ಟ್ರುಗಳ ಹಾಗೆ ನಾನೂ ಇಥಿಯೋಪಿಯಾಕ್ಕೆ ಹೋಗಿದ್ದೆ. ಉತ್ತರದ ಟಿಗ್ರಾಯ್ ಪ್ರಾಂತ್ಯದ ಮೆಕೆಲೆ ಊರಿನಲ್ಲಿ ಇದ್ದೆ. ಅಲ್ಲಿರುವಾಗ ದೆಬ್ರೆ ದಾಮೋ ಎಂಬ ಮಠಕ್ಕೆ ಹತ್ತಿದ್ದೇನೆ. ಮೆಟಿಯೋರಾ ಫೋಟೋ ಎಲ್ಲರೂ ನೋಡಿರುತ್ತಾರೆ, ದೆಬ್ರೆ ದಾಮೋ ಹೆಸರು ಕೇಳಿದವರು ಕಡಿಮೆ. ಆದರೆ ಇದು ಮೆಟಿಯೋರಾಕ್ಕಿಂತ ಸುಮಾರು ಎಂಟುನೂರು ವರ್ಷ ಹಳೆಯದು. ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ.

ಟಿಗ್ರಾಯ್‌ನಲ್ಲಿ ತಲೆ ಚಪ್ಪಟೆಯಾದ ಬೆಟ್ಟಗಳು ಜಾಸ್ತಿ. ಅವಕ್ಕೆ ಅಲ್ಲಿ ಅಂಬಾ ಅನ್ನುತ್ತಾರೆ. ಸುತ್ತಲೂ ಕಡಿದಾದ ಬಂಡೆ, ಮೇಲೆ ಬಯಲು. ದೆಬ್ರೆ ದಾಮೋ ಅಂಥ ಒಂದು ಅಂಬಾ, ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರ. 6ನೇ ಶತಮಾನದಲ್ಲಿ ಅಬೂನ ಅರೆಗಾವಿ ಎಂಬ ಸನ್ಯಾಸಿ ಇಲ್ಲಿ ಮಠ ಕಟ್ಟಿದರು. ಸಿರಿಯಾ ಕಡೆಯಿಂದ ಬಂದರು ಎನ್ನುವ "ಒಂಬತ್ತು ಸಂತರ"ಲ್ಲಿ ಇವರೂ ಒಬ್ಬರು. ಅಲ್ಲಿನ ರಾಜ ಎಜಾನಾ 4ನೇ ಶತಮಾನದಲ್ಲೇ ಕ್ರೈಸ್ತನಾಗಿದ್ದ. ಹಳ್ಳಿ ಹಳ್ಳಿಗೆ ಧರ್ಮ ಮುಟ್ಟಿಸಿದವರು ಈ ಸನ್ಯಾಸಿಗಳು.

ಅರೆಗಾವಿಯವರನ್ನು ಒಂದು ದೊಡ್ಡ ಹಾವು ಸುತ್ತಿಕೊಂಡು ಮೇಲಕ್ಕೆ ಎತ್ತಿತು, ಹಾವು ಏನೂ ಮಾಡದಂತೆ ದೇವದೂತ ಮಿಕಾಯೇಲ ಕತ್ತಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಅಂತ ಅಲ್ಲಿನ ಕಥೆ. ಇನ್ನೊಂದು ಕಥೆ ನನಗೆ ಇನ್ನೂ ಇಷ್ಟ. ಚರ್ಚ್ ಕಟ್ಟುವಾಗ ಸಾಮಾನು ಸಾಗಿಸಲು ಬಂಡೆಗೆ ಆನಿಸಿ ಏರುದಾರಿ ಕಟ್ಟಿದ್ದರಂತೆ. ಕೆಲಸ ಮುಗಿದ ಮೇಲೆ ಸಂತರು ಆ ದಾರಿಯನ್ನು ಕೆಡವಿಸಿಬಿಟ್ಟರಂತೆ.

ಹಾಗಾಗಿ ಈಗಲೂ ಹಗ್ಗವೇ ದಾರಿ. ಸುಮಾರು 15 ಮೀಟರ್ ನೆಟ್ಟನೆ ಬಂಡೆ. ಮೇಲಿಂದ ಎರಡು ಹಗ್ಗ ಇಳಿಬಿಡುತ್ತಾರೆ. ಒಂದು ಚರ್ಮ ಹೆಣೆದ ದಪ್ಪ ಹಗ್ಗ, ಅದನ್ನು ನಾವು ಹಿಡಿದು ಹತ್ತಬೇಕು. ಇನ್ನೊಂದನ್ನು ಸೊಂಟಕ್ಕೆ ಕಟ್ಟುತ್ತಾರೆ, ಅದನ್ನು ಮೇಲೆ ಕುಳಿತ ಸನ್ಯಾಸಿ ಹಿಡಿದಿರುತ್ತಾರೆ. ಬಂಡೆಯಲ್ಲಿ ಹೆಜ್ಜೆ ಇಡುವ ಕುಳಿಗಳಿವೆ, ಸಾವಿರಾರು ಜನ ಕಾಲಿಟ್ಟು ನುಣ್ಣಗಾಗಿವೆ. ಚರ್ಮದ ಹಗ್ಗ ಬೆವರಿಗೆ ಜಾರುತ್ತದೆ, ಕೈಗೆ ಹಸಿ ತೊಗಲಿನ ವಾಸನೆ ಹತ್ತುತ್ತದೆ. ನನ್ನನ್ನು ಎಳೆದುಕೊಂಡವರು ನನಗಿಂತ ವಯಸ್ಸಾದವರು, ತೋಳು ಮಾತ್ರ ಕಬ್ಬಿಣ. ನಾನು ಮೇಲೆ ಹೋಗಿ ಉಸಿರು ಬಿಡುವಷ್ಟರಲ್ಲಿ ಕೆಳಗೆ ಅದೇ ಹಗ್ಗಕ್ಕೆ ಕಾಳಿನ ಚೀಲ ಕಟ್ಟುತ್ತಿದ್ದರು. ಹಳ್ಳಿಯವರು ಹೊತ್ತು ತಂದಿದ್ದು. ಆ ಚೀಲ ನೋಡಿದ ಮೇಲೆ ನನಗೆ ಇಡೀ ಮಠ ಬೇರೆ ಥರ ಕಾಣಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನೀರು. ಹೌದು, ಮೇಲೆ ಹೊಂಡ ಇವೆ! ಬಂಡೆಯನ್ನೇ ಕಡಿದು ಮಾಡಿದ ತೊಟ್ಟಿಗಳು. ಅಲ್ಲಿ ಮಳೆ ಬೀಳುವುದು ಹೆಚ್ಚಾಗಿ ಜೂನಿನಿಂದ ಸೆಪ್ಟೆಂಬರ್‌ವರೆಗೆ. ಉಳಿದ ತಿಂಗಳುಗಳಿಗೆ ಆ ಮಳೆಯನ್ನೇ ಕೂಡಿಡಬೇಕು. ಬಯಲಿನ ಮೇಲೆ ಬಿದ್ದ ನೀರು ಇಳಿಜಾರು ಹಿಡಿದು ತೊಟ್ಟಿಗೆ ಬರುತ್ತದೆ. ನಾನು ನೋಡಿದಾಗ ನೀರಿನ ಮೇಲೆ ಹಸಿರು ಪಾಚಿ ಕಟ್ಟಿತ್ತು, ಒಬ್ಬ ಚಿಕ್ಕ ವಯಸ್ಸಿನ ಸನ್ಯಾಸಿ ಅದನ್ನು ಕೈಯಿಂದ ಸರಿಸಿ ಕೊಡ ಮುಳುಗಿಸಿದ. ನಮ್ಮ ಕೋಟೆಯಲ್ಲಿ ಮಾಡಿದ ಕೆಲಸವೂ ಇದೇ. ಕಟ್ಟಿದವರಿಗೆ ಒಬ್ಬರ ವಿಷಯ ಒಬ್ಬರಿಗೆ ಗೊತ್ತಿರಲಿಲ್ಲ, ಬಂಡೆ ಮತ್ತು ಮಳೆ ಇಬ್ಬರಿಗೂ ಒಂದೇ ಪಾಠ ಕಲಿಸಿದವು.

ಚರ್ಚಿನ ಗೋಡೆ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಸಮಾಧಾನ ಆಗದು. ಒಂದು ಸಾಲು ಕಲ್ಲು, ಅದರ ಮೇಲೆ ಉದ್ದಕ್ಕೆ ಮರದ ತೊಲೆ, ಮತ್ತೆ ಕಲ್ಲು, ಮತ್ತೆ ತೊಲೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಾಡುಗಲ್ಲಿನ ಗೋಡೆ ಕಾಲ ಕಳೆದಂತೆ ಹೊಟ್ಟೆ ಬಿಡುತ್ತದೆ. ಅದನ್ನು ತಡೆಯಲು ಗೋಡೆಯ ದಪ್ಪಕ್ಕೆ ಅಡ್ಡಲಾಗಿ ಮರದ ತುಂಡು ತೂರಿಸಿ ಎರಡೂ ಕಡೆಯ ತೊಲೆಗಳನ್ನು ಬಿಗಿದಿದ್ದಾರೆ. ಆ ತುಂಡುಗಳ ತುದಿ ಗೋಡೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಅವಕ್ಕೆ ಮಂಗನ ತಲೆ ಅಂತ ಹೆಸರು. ಆಕ್ಸುಮ್ ಊರಿನಲ್ಲಿರುವ ದೊಡ್ಡ ಕಲ್ಲುಕಂಬಗಳ ಮೇಲೆ ಇದೇ ಮಂಗನ ತಲೆಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಅಂದರೆ ಈ ಕಟ್ಟುವ ವಿಧಾನ ಕ್ರೈಸ್ತ ಧರ್ಮ ಬರುವ ಮೊದಲೇ ಅಲ್ಲಿ ಇತ್ತು. ದೆಬ್ರೆ ದಾಮೋದ ಮರದ ಚಾವಣಿಯಲ್ಲಿ ಆನೆ, ಸಿಂಹ, ಜಿಂಕೆ ಎಲ್ಲ ಕೆತ್ತಿದ್ದಾರೆ. 1948ರಲ್ಲಿ ಡೆರೆಕ್ ಮ್ಯಾಥ್ಯೂಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಈ ಚರ್ಚನ್ನು ಜೀರ್ಣೋದ್ಧಾರ ಮಾಡಿದರು.

ಈಗ ಆ ಕಾಳಿನ ಚೀಲ. ಬೆಟ್ಟ ಹತ್ತಿದ ಸನ್ಯಾಸಿ ಅಂದ ಕೂಡಲೇ ನಾವು ಲೋಕ ಬಿಟ್ಟವನು ಅಂದುಕೊಳ್ಳುತ್ತೇವೆ. ಇಂಥ ಮಠಗಳ ಚರಿತ್ರೆ ಓದಿದಷ್ಟೂ ನನಗೆ ಕಾಣುವುದು ಕೆಳಗಿನ ಊರು. ಊರು ಇದ್ದರೆ ಮಠ, ಊರು ಖಾಲಿಯಾದರೆ ಮಠ ಹೋಯಿತು.

ಟರ್ಕಿಯ ಟ್ರಾಬ್ಜಾನ್ ಹತ್ತಿರ ಸುಮೇಲಾ ಅಂತ ಒಂದು ಮಠ ಇದೆ. ಸುಮಾರು 1,200 ಮೀಟರ್ ಎತ್ತರದಲ್ಲಿ ಬಂಡೆಯ ಗೋಡೆಗೆ ಅಂಟಿಕೊಂಡಂತೆ ಕಟ್ಟಿದ್ದಾರೆ. 386ರಲ್ಲಿ ಶುರುವಾಯಿತು ಅಂತ ಅವರ ನಂಬಿಕೆ. ಬೈಜಾಂಟಿಯಂ ಎಂಬ ಗ್ರೀಕ್ ಕ್ರೈಸ್ತ ಸಾಮ್ರಾಜ್ಯ ಹೋಯಿತು, ಆಟೊಮನ್ ಸುಲ್ತಾನರು ಬಂದರು, ಮಠ ಮಾತ್ರ ನಡೆಯುತ್ತಲೇ ಇತ್ತು. ಸುಲ್ತಾನರೇ ಅದಕ್ಕೆ ಹಕ್ಕುಪತ್ರ ಕೊಟ್ಟಿದ್ದರು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲು ಬದಲು ಮಾಡಿಕೊಂಡವು. ಕಣಿವೆಯ ಗ್ರೀಕ್ ಕ್ರೈಸ್ತರು ಮನೆ ಬಿಟ್ಟು ಹೊರಟರು. ಸನ್ಯಾಸಿಗಳೂ ಮಾತೆಯ ಚಿತ್ರಪಟವನ್ನು ಮಣ್ಣಲ್ಲಿ ಹೂತಿಟ್ಟು ಹೊರಟರು. ಕೆಲವು ವರ್ಷ ಕಳೆದ ಮೇಲೆ ಬಂದು ಅಗೆದು ಗ್ರೀಸಿಗೆ ಒಯ್ದರು. ಆಮೇಲೆ ಅಲ್ಲಿ ಪೂಜೆ ನಡೆದದ್ದು 2010ರ ಆಗಸ್ಟ್ 15ಕ್ಕೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನು ಮೆಟಿಯೋರಾ. ಅಲ್ಲಿ ಮೊದಲು ಬಂದವರು ಬಂಡೆಯ ಗುಹೆಗಳಲ್ಲಿ ಒಬ್ಬೊಬ್ಬರೇ ಇದ್ದ ತಪಸ್ವಿಗಳು. 14ನೇ ಶತಮಾನದ ಮಧ್ಯದಲ್ಲಿ ಅಥನಾಸಿಯೋಸ್ ಎಂಬವರು ಆಥೋಸ್ ಬೆಟ್ಟದಿಂದ ಬಂದು ಬಂಡೆಯ ಮೇಲೆ ದೊಡ್ಡ ಮಠ ಕಟ್ಟಿದರು. ಆಥೋಸ್ ಕಡಲ ಪಕ್ಕ ಇದೆ, ಅಲ್ಲಿ ಕಡಲುಗಳ್ಳರ ಕಾಟ. ಮೆಟಿಯೋರಾ ಇರುವ ಥೆಸಲಿ ಬಯಲಿನಲ್ಲೂ ಆಗ ಸದಾ ಯುದ್ಧ, ಲೂಟಿ. ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇದೇ: ಜೀವ ಉಳಿಸಿಕೊಳ್ಳಲು ಮೇಲೆ ಹೋದರು. ಇನ್ನರ್ಧ ಅವರ ನಂಬಿಕೆ. ಮೋಶೆಗೆ ದೇವರು ಕಾಣಿಸಿದ್ದು ಸಿನಾಯ್ ಬೆಟ್ಟದಲ್ಲಿ, ಏಸು ಪ್ರಾರ್ಥನೆಗೆ ಹೋಗುತ್ತಿದ್ದದ್ದೂ ಬೆಟ್ಟಕ್ಕೆ. ಒಂದು ಕಾಲಕ್ಕೆ ಮೆಟಿಯೋರಾದಲ್ಲಿ 24 ಮಠ ಇದ್ದವು, ಈಗ ನಡೆಯುತ್ತಿರುವುದು 6. ಜನರನ್ನು ಬಲೆಯಲ್ಲಿ ಕೂರಿಸಿ ರಾಟೆ ತಿರುಗಿಸಿ ಎಳೆಯುತ್ತಿದ್ದರು. ಬಂಡೆಗೆ ಮೆಟ್ಟಿಲು ಕಡಿದದ್ದು 1920ರ ದಶಕದಲ್ಲಿ. ನೀರು ಅಲ್ಲೂ ಮಳೆಯದೇ. ವರ್ಲಾಮ್ ಮಠದಲ್ಲಿ 16ನೇ ಶತಮಾನದ ಓಕ್ ಮರದ ಪೀಪಾಯಿ ಇಂದಿಗೂ ಇದೆ, ಸುಮಾರು 12 ಸಾವಿರ ಲೀಟರ್ ಹಿಡಿಯುತ್ತದೆ. ಈಗಿನ ನೀರಿನ ಟ್ಯಾಂಕರ್ ಲಾರಿ ನೆನಪಿಸಿಕೊಂಡರೆ ಮಕ್ಕಳಿಗೆ ಅಂದಾಜು ಸಿಗುತ್ತದೆ. ಕಾಳು, ದ್ರಾಕ್ಷಿ, ಎಣ್ಣೆ ಎಲ್ಲ ಕೆಳಗಿನ ಮಠದ ಜಮೀನಿನಿಂದ ಮೇಲೆ ಬರುತ್ತಿತ್ತು.

---

ಜೋಗಿಮಟ್ಟಿ_ಗಾಳಿ:

ಸರ್, ತುಂಬಾ ತುಂಬಾ ಧನ್ಯವಾದ. ನಾಳೆಯೇ ಆ ಹುಡುಗನಿಗೆ ಹೇಳುತ್ತೇನೆ. ಇನ್ನೆರಡು ಪ್ರಶ್ನೆ ಕೇಳಲೇ? ದೆಬ್ರೆ ದಾಮೋಗೆ ಹೆಂಗಸರನ್ನು ಬಿಡುತ್ತಾರಾ? ನನ್ನ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು, ಕೇಳೇ ಕೇಳುತ್ತಾರೆ. ಮತ್ತೆ, ನಮ್ಮ ಕಡೆಯ ನಂಟಿನ ವಿಷಯ ನೀವು ಹೇಳಲಿಲ್ಲ.

---

ವಿದ್ಯಾನಗರ_ಮೇಷ್ಟ್ರು:

ಬಿಡುವುದಿಲ್ಲ ಮೇಡಂ. ಹೆಣ್ಣು ಪ್ರಾಣಿಗಳನ್ನೂ ಬಿಡುವುದಿಲ್ಲ. ಮೇಲೆ ಎತ್ತು ಇವೆ, ಹಸು ಇಲ್ಲ. ನನ್ನ ಹೆಂಡತಿ ಜೊತೆಗೆ ಬಂದಿದ್ದಳು. ಬಂಡೆಯ ಬುಡದಲ್ಲೇ ಉಳಿದಳು, ಅಲ್ಲಿ ಪ್ರಾರ್ಥನೆಗೆ ಬಂದಿದ್ದ ಹಳ್ಳಿಯ ಹೆಂಗಸರ ಜೊತೆ ಕೂತಿದ್ದಳು. ಅವರು ಹುರಿದ ಕಾಳು ಕೊಟ್ಟರಂತೆ. "ಚೀಲ ಹೊತ್ತು ತಂದವರಲ್ಲಿ ಹೆಂಗಸರೂ ಇದ್ದಾರೆ, ಅವರು ತಂದ ಕಾಳು ಮೇಲೆ ಹೋಗುತ್ತೆ, ಅವರು ಹೋಗೋ ಹಾಗಿಲ್ಲ" ಅಂತ ಅವಳು ಇಳಿಯುವ ದಾರಿಯಲ್ಲಿ ಹೇಳಿದಳು. ನನಗೂ ಅದು ಸರಿ ಕಾಣಲಿಲ್ಲ, ಇವತ್ತಿಗೂ ಸರಿ ಕಾಣುವುದಿಲ್ಲ. ಗ್ರೀಸಿನ ಆಥೋಸ್‌ನಲ್ಲೂ ಹೀಗೇ. ಅಲ್ಲಿ 20 ಮಠಗಳಿವೆ, ಮೊದಲ ದೊಡ್ಡ ಮಠ 963ರದ್ದು, ಇಡೀ ಬೆಟ್ಟಸೀಮೆಗೆ ಹೆಂಗಸರಿಗೆ ಪ್ರವೇಶ ಇಲ್ಲ.

ಮೆಟಿಯೋರಾದಲ್ಲಿ ಹಾಗಿಲ್ಲ. ಯಾರು ಬೇಕಾದರೂ ಹೋಗಬಹುದು, ಹೆಂಗಸರು ಉದ್ದ ಲಂಗ ಹಾಕಿರಬೇಕು ಅಷ್ಟೆ. ಅಲ್ಲಿನ ಆರರಲ್ಲಿ ಎರಡು, ರೂಸಾನು ಮತ್ತು ಸಂತ ಸ್ಟೀಫನ್, ಸನ್ಯಾಸಿನಿಯರ ಮಠಗಳು. ಸಂತ ಸ್ಟೀಫನ್ ಮಠ ಎರಡನೇ ಮಹಾಯುದ್ಧದಲ್ಲಿ ಹಾಳಾಗಿ ಖಾಲಿ ಬಿದ್ದಿತ್ತು. 1961ರಲ್ಲಿ ಸನ್ಯಾಸಿನಿಯರು ಬಂದು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಹೆಣ್ಣುಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಇನ್ನು ನಂಟು. ಇದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆ. 1940ರಲ್ಲಿ ದೆಬ್ರೆ ದಾಮೋದಲ್ಲಿ ನೂರಕ್ಕೂ ಹೆಚ್ಚು ಚಿನ್ನದ ನಾಣ್ಯ ಸಿಕ್ಕವು. ಯಾರವು ಗೊತ್ತಾ? ನಮ್ಮ ಕುಶಾನರವು! ವಿಮ ಕಡ್ಫೀಸಸ್, ಕನಿಷ್ಕ, ಹುವಿಷ್ಕ, ವಾಸುದೇವ. ಪಾಠಪುಸ್ತಕದಲ್ಲಿ ಓದಿದ ಕನಿಷ್ಕನ ನಾಣ್ಯ ಆಫ್ರಿಕಾದ ಬೆಟ್ಟದ ನೆತ್ತಿಯಲ್ಲಿ. ಅವು ಮಠಕ್ಕಿಂತ ಹಳೆಯ ಕಾಲದವು. ಕೆಂಪು ಸಮುದ್ರದ ದಡದಲ್ಲಿ ಅದುಲಿಸ್ ಅಂತ ಆಕ್ಸುಮ್ ರಾಜ್ಯದ ಬಂದರು ಇತ್ತು. ಭಾರತದ ಸರಕು ಅಲ್ಲಿ ಇಳಿಯುತ್ತಿತ್ತು.

ಈಗ ನಿಮ್ಮ ಊರಿಗೆ ಬನ್ನಿ. ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದರು, ಅವರಿಗಿಂತ ಮೊದಲು ಮೈಸೂರು ಪುರಾತತ್ವ ಇಲಾಖೆಯವರೂ ಅಗೆದಿದ್ದರು. ಅಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿವೆ. ಅಗಸ್ಟಸ್‌ನದು, ಟೈಬೀರಿಯಸ್‌ನದು. ಏಸು ಹುಟ್ಟಿದ್ದು ಅಗಸ್ಟಸ್ ಕಾಲದಲ್ಲಿ, ಶಿಲುಬೆಗೇರಿಸಿದ್ದು ಟೈಬೀರಿಯಸ್ ಕಾಲದಲ್ಲಿ. ಅದೇ ಚಕ್ರವರ್ತಿಗಳ ಮುಖ ಇರುವ ಬೆಳ್ಳಿ ದುರ್ಗದ ಮಣ್ಣಿನಲ್ಲಿ ಇತ್ತು. ಇದರಿಂದ ದುರ್ಗಕ್ಕೆ ಆಗಲೇ ಕ್ರೈಸ್ತರು ಬಂದಿದ್ದರು ಅಂತ ಹೇಳಲು ಆಗುವುದಿಲ್ಲ, ಮಕ್ಕಳಿಗೆ ಹಾಗೆ ಹೇಳಬೇಡಿ. ವ್ಯಾಪಾರದ ದಾರಿ ಇಲ್ಲಿವರೆಗೆ ಬಂದಿತ್ತು ಅನ್ನುವುದು ಮಾತ್ರ ಗಟ್ಟಿ. ಅಂಥ ದಾರಿಗಳಲ್ಲೇ ಮೆಣಸೂ ಹೋಯಿತು, ಧರ್ಮಗಳೂ ನಡೆದವು.

---

ಸೀತಾನದಿ (ಬ್ರಹ್ಮಾವರ, ಈಗ ಚಿತ್ರದುರ್ಗ):

ನಂಟಿನ ಮಾತು ಬಂದಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಆರ್ಥೊಡಾಕ್ಸ್ ಸಭೆ ಅಂದರೆ ದೂರದ ವಿಷಯ ಅಂದುಕೊಳ್ಳಬೇಡಿ, ನಮ್ಮ ಬ್ರಹ್ಮಾವರದಲ್ಲೇ ಇದೆ. ಕೊಂಕಣಿ ಮಾತಾಡುವ ಕ್ಯಾಥೊಲಿಕರ ಒಂದು ಗುಂಪು 19ನೇ ಶತಮಾನದ ಕೊನೆಯಲ್ಲಿ ಸಿರಿಯನ್ ಆರ್ಥೊಡಾಕ್ಸ್ ಸಭೆ ಸೇರಿತು. ಗೋವಾ ಮೂಲದ ಅಲ್ವಾರಿಸ್ ಮಾರ್ ಜೂಲಿಯಸ್ ಅವರಿಗೆ 1889ರಲ್ಲಿ ಕೊಟ್ಟಾಯಂನಲ್ಲಿ ಬಿಷಪ್ ಪಟ್ಟ ಆಯಿತು. ನಮ್ಮ ಹಿರಿಯರು ಅವರ ಹಿಂದೆ ನಡೆದವರು.

ಈ ಸಿರಿಯನ್ ಪರಂಪರೆಯಲ್ಲೂ ಬೆಟ್ಟದ ಮಠ ಇದೆ. ಇರಾಕಿನ ಮೋಸುಲ್ ಹತ್ತಿರದ ಮಾರ್ ಮತ್ತಾಯ್ ಮಠ, 4ನೇ ಶತಮಾನದ್ದು. 2014ರಲ್ಲಿ ಐಸಿಸ್‌ನವರು ಮೋಸುಲ್ ಹಿಡಿದಾಗ ಆ ಮಠದ ಹತ್ತಿರದವರೆಗೆ ಬಂದಿದ್ದರು. ಮಠ ಉಳಿಯಿತು. ಆ ವರ್ಷ ನಮ್ಮ ಮನೆಯಲ್ಲಿ ಅಮ್ಮ ದಿನಾ ಸಂಜೆ ಆ ಮಠದ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು.

ಮೇಷ್ಟ್ರೇ, ಟಿಗ್ರಾಯ್‌ನಲ್ಲೂ ಯುದ್ಧ ಆಯಿತಲ್ವಾ? ದೆಬ್ರೆ ದಾಮೋ ಏನಾಯಿತು?

---

ವಿದ್ಯಾನಗರ_ಮೇಷ್ಟ್ರು:

ಆಯಿತು. 2020ರ ನವೆಂಬರಿನಲ್ಲಿ ಶುರುವಾಗಿ 2022ರ ನವೆಂಬರಿನ ಒಪ್ಪಂದದವರೆಗೆ ನಡೆಯಿತು. ದೆಬ್ರೆ ದಾಮೋ ಮೇಲೂ ಗುಂಡು ಬಿತ್ತು, ಕಟ್ಟಡಗಳಿಗೆ ಹಾನಿಯಾಯಿತು, ಮಠ ಲೂಟಿಯಾಯಿತು ಅಂತ ವರದಿಗಳು ಬಂದವು. ಆ ದಿನಗಳಲ್ಲಿ ಫೋನ್, ಇಂಟರ್ನೆಟ್ ಎಲ್ಲ ಕಡಿದು ಹಾಕಿದ್ದರು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರ ದನಿ ಎಷ್ಟೋ ತಿಂಗಳ ನಂತರ ಕೇಳಿದೆ, ಕೆಲವರದು ಕೇಳಿಲ್ಲ. ಸಾವಿರದ ಐನೂರು ವರ್ಷ ಹಗ್ಗದಿಂದಲೇ ಉಳಿದ ಜಾಗ ಅದು. ಕತ್ತಿ, ಈಟಿ ಹಿಡಿದು ಬಂದವರನ್ನು ಬಂಡೆ ತಡೆಯುತ್ತಿತ್ತು. ಫಿರಂಗಿಗೆ ಬಂಡೆ ಹತ್ತುವ ಅಗತ್ಯವೇ ಇಲ್ಲ.

---

ಜೋಗಿಮಟ್ಟಿ_ಗಾಳಿ:

ಓದಿ ಮನಸ್ಸು ಭಾರವಾಯಿತು ಸರ್. ನಿಮ್ಮ ವಿದ್ಯಾರ್ಥಿಗಳೆಲ್ಲ ಕ್ಷೇಮವಾಗಿರಲಿ.

ಮುಂದಿನ ತಿಂಗಳು ಮಕ್ಕಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಂಕಲಿ ಮಠದ ಗುಹೆಗಳನ್ನು ತೋರಿಸುವಾಗ ಮೆಟಿಯೋರಾದ ಗುಹೆ ತಪಸ್ವಿಗಳ ವಿಷಯವನ್ನೂ ಹೇಳಬಹುದಾ? ಎರಡೂ ಒಂದೇ ಅಂತ ಮಕ್ಕಳು ತಿಳಿದುಕೊಂಡರೆ ಕಷ್ಟ.

---

ವಿದ್ಯಾನಗರ_ಮೇಷ್ಟ್ರು:

ಧಾರಾಳವಾಗಿ ಹೇಳಿ. ದೇವರು ಬೇರೆ, ಮಂತ್ರ ಬೇರೆ, ಕಾಲ ಬೇರೆ ಅಂತ ಮೊದಲೇ ಹೇಳಿಬಿಡಿ. ಆಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಇಲ್ಲಿ ಇದ್ದವರಿಗೆ ನೀರು ಎಲ್ಲಿಂದ ಬರುತ್ತಿತ್ತು, ಗಾಳಿ ಬೆಳಕು ಎಲ್ಲಿಂದ, ಊಟ ಯಾರು ತರುತ್ತಿದ್ದರು ಅಂತ ಹುಡುಕಿ ಬರೆಯಲಿ. ಬ್ಯಾಟರಿ ಮರೆಯಬೇಡಿ, ಒಳಗೆ ಕತ್ತಲೆ ಜಾಸ್ತಿ.

ದೆಬ್ರೆ ದಾಮೋದ ಫೋಟೋಗಳು ನನ್ನ ಹತ್ತಿರ ಇವೆ. ತೊಟ್ಟಿ, ಮಂಗನ ತಲೆ, ಹಗ್ಗ ಎಲ್ಲ ಇದೆ. ನಿಮ್ಮ ಹೆಡ್‌ಮಾಸ್ಟರ್ ಒಪ್ಪಿದರೆ ಒಂದು ಶನಿವಾರ ಬೆಳಗಿನ ಬಸ್ಸಿಗೆ ನಾನೇ ದುರ್ಗಕ್ಕೆ ಬರುತ್ತೇನೆ. ಮನೆಯವಳೂ ಬರುತ್ತಾಳೆ. ಬಂಡೆಯ ಕೆಳಗಿನ ಕಥೆ ಅವಳಿಗೇ ಗೊತ್ತಿರುವುದು.